ಪದಚರ್ಚೆ: ಆದಾಯದ ಗ್ರಾಫ್ ಓದಿಸುವಾಗ ‘ಮಧ್ಯಾಂಕ’ಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಶಾಲೆ ಬಿಟ್ಟು ಬಹಳ ವರ್ಷಗಳಾದ ಮೇಲೆ ಮತ್ತೆ ಕಲಿಯಲು ಬರುವ ದೊಡ್ಡವರಿಗೆ ಆದಾಯದ ಅಂಕಿಅಂಶಗಳ ಗ್ರಾಫ್ ಓದೋದನ್ನು ಹೇಳಿಕೊಡುತ್ತಿದ್ದೇನೆ. ಲೆಕ್ಕ ಅವರಿಗೆ ಕಷ್ಟವಲ್ಲ. ದುಡ್ಡಿನ ವಿಷಯ ನೋಡಿ, ಬಾಯಲ್ಲೇ ಕೂಡಿ ಕಳೆದು ಹೇಳಿಬಿಡುತ್ತಾರೆ. ಎಡವೋದು ಪದಗಳಲ್ಲಿ.

ಪಠ್ಯಪುಸ್ತಕದಲ್ಲಿ ಸರಾಸರಿ, ಮಧ್ಯಾಂಕ (ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿದಾಗ ಸಾಲಿನ ನಡುವೆ ಬರುವ ಅಂಕಿ), ಬಹುಲಕ (ಹೆಚ್ಚು ಸಲ ಬರುವ ಅಂಕಿ) ಒಟ್ಟಿಗೇ ಬರುತ್ತವೆ. ಇವುಗಳಲ್ಲಿ ಎಲ್ಲರಿಗೂ ಗೊತ್ತಿರೋದು ‘ಸರಾಸರಿ’. ಹೆಚ್ಚು ದಾರಿ ತಪ್ಪಿಸೋದೂ ಅದೇ. ಮಾತಿನಲ್ಲಿ ‘ಸರಾಸರಿ ಇಷ್ಟು ಬರುತ್ತೆ’ ಅಂದರೆ ಸಾಮಾನ್ಯವಾಗಿ ಒಬ್ಬರಿಗೆ ಇಷ್ಟು ಸಿಗುತ್ತೆ ಅಂತ ತಾನೆ ಅರ್ಥ? ಆದಾಯದ ಗ್ರಾಫಿನಲ್ಲಿ ಈ ಅರ್ಥ ನಿಲ್ಲುವುದಿಲ್ಲ. ಐದು ಜನರ ಗಳಿಕೆ 8, 10, 12, 15, 105 ಇದೆ ಅನ್ನಿ. ಒಟ್ಟು 150, ಸರಾಸರಿ 30. ಅಷ್ಟು ಗಳಿಸುವವರು ಅವರಲ್ಲಿ ಒಬ್ಬರೂ ಇಲ್ಲ, ನಾಲ್ಕು ಜನ ಅದಕ್ಕಿಂತ ಕೆಳಗೇ ಇದ್ದಾರೆ. 15 ಗಳಿಸುವವರು 30ರ ಗೆರೆ ನೋಡಿ ‘ನಾನು ತುಂಬಾ ಹಿಂದೆ ಇದ್ದೀನಿ’ ಅಂದುಕೊಳ್ಳುತ್ತಾರೆ. ನಿಜವಾಗಿ ಮೇಲಿನಿಂದ ಎರಡನೆಯವರು ಅವರು! ದೊಡ್ಡವರು ಗ್ರಾಫ್ ಕಂಡ ಕೂಡಲೇ ತಮ್ಮ ಜಾಗ ಹುಡುಕುತ್ತಾರೆ, ಅದಕ್ಕೇ ಈ ವಿಷಯವನ್ನು ಸುಮ್ನೆ ಬಿಡೋಕಾಗಲ್ಲ.

ಇಲ್ಲಿ ಬೇಕಾಗೋದು ಮಧ್ಯಾಂಕ, ಅಂದರೆ 12. ಆದರೆ ‘ಮಧ್ಯಾಂಕ’ ಅಂದ ತಕ್ಷಣ ಬಹಳ ಜನ 8 ಮತ್ತು 105ರ ಮಧ್ಯದ ಸಂಖ್ಯೆ ಹುಡುಕಿ 56.5 ಅನ್ನುತ್ತಾರೆ. ಅವರದೇನೂ ತಪ್ಪಿಲ್ಲ, ಪದ ಹೇಳೋದೇ ಹಾಗಿದೆ. ನಮಗೆ ಬೇಕಿರೋದು ಜನರ ಮಧ್ಯ, ಪದ ತೋರಿಸೋದು ಅಂಕಿಗಳ ಮಧ್ಯ. ‘ಮಧ್ಯಮ ಆದಾಯ’ ಅಂದರೆ ಮಧ್ಯಮ ವರ್ಗದ ಕಡೆ ಯೋಚನೆ ಹೋಗುತ್ತೆ. ‘ನಡುವಿನ ಆದಾಯ’ಕ್ಕೂ ಮೊದಲಿನ ತೊಂದರೆಯೇ. ಎಲ್ಲರನ್ನೂ ಗಳಿಕೆಯ ಪ್ರಕಾರ ಸಾಲಾಗಿ ನಿಲ್ಲಿಸಿ ‘ಸಾಲಿನ ನಡುವಿನವರ ಆದಾಯ’ ಅಂದರೆ ಮಾತ್ರ ತಟ್ಟನೆ ಹೊಳೆಯುತ್ತೆ, ಆದರೆ ಗ್ರಾಫಿನ ಗೆರೆ ಪಕ್ಕ ಬರೆಯೋಕೆ ಅದು ಉದ್ದವಾಯ್ತು. ಸದ್ಯ ‘ಅರ್ಧದ ಗೆರೆ’ ಅಂತ ಬರೆಯುತ್ತಿದ್ದೇನೆ, ಅರ್ಧ ಜನ ಈ ಕಡೆ, ಅರ್ಧ ಜನ ಆ ಕಡೆ.

ಇನ್ನೊಂದು ಪದ ‘ಆವೃತ್ತಿ’. ಎಷ್ಟು ಜನ ಎಷ್ಟು ಗಳಿಸುತ್ತಾರೆ ಅಂತ ತೋರಿಸುವ ಕಂಬಗಳ ಗ್ರಾಫಿನಲ್ಲಿ ಲಂಬ ಗೆರೆಯ ಮೇಲೆ ಈ ಪದ ಇರುತ್ತೆ. ಪುಸ್ತಕ, ಪತ್ರಿಕೆಗಳ ಆವೃತ್ತಿ ಗೊತ್ತಿರುವವರಿಗೆ ಇಲ್ಲಿ ಏನೂ ತಿಳಿಯಲ್ಲ. ಆಗ ಎತ್ತರದ ಕಂಬ ಅಂದರೆ ಜಾಸ್ತಿ ದುಡ್ಡು ಅಂತ ಓದಿಕೊಳ್ಳುತ್ತಾರೆ. ಆದಾಯದಲ್ಲಿ ಸಾಮಾನ್ಯವಾಗಿ ಎತ್ತರದ ಕಂಬಗಳು ಕಡಿಮೆ ಗಳಿಸುವವರ ಕಡೆಯೇ ಇರುವುದರಿಂದ ಇಡೀ ಚಿತ್ರ ತಲೆಕೆಳಗಾಗುತ್ತೆ. ‘ಎಷ್ಟು ಮಂದಿ’ ಅಂತ ಬರೆದರೆ ಮುಗೀತು, ಇದರಲ್ಲಿ ನನಗೆ ಅನುಮಾನವಿಲ್ಲ.

‘ಪಾಲು’ ಮಾತ್ರ ಇನ್ನೂ ಬಗೆಹರಿದಿಲ್ಲ. ಆದಾಯ ಜನರಲ್ಲಿ ಎಷ್ಟು ಸಮವಾಗಿ ಹಂಚಿದೆ ಅಂತ ತೋರಿಸೋಕೆ 1905ರಲ್ಲಿ ಅರ್ಥಶಾಸ್ತ್ರಜ್ಞ ಮ್ಯಾಕ್ಸ್ ಲೊರೆಂಜ್ ಹೇಳಿದ ರೇಖೆಯಲ್ಲಿ ಅಡ್ಡಕ್ಕೆ ಜನರ ಪಾಲು, ಲಂಬಕ್ಕೆ ಆದಾಯದ ಪಾಲು. ‘ಕೆಳಗಿನ ಐದನೇ ಒಂದು ಪಾಲಿಗೆ ಎಷ್ಟು ಪಾಲು’ ಅಂದರೆ ಯಾರಿಗೆ ತಾನೆ ಅರ್ಥವಾಗುತ್ತೆ? ಜನರಿಗೆ ‘ಗುಂಪು’, ದುಡ್ಡಿಗೆ ಮಾತ್ರ ‘ಪಾಲು’ ಅಂತ ಇಟ್ಟುಕೊಳ್ಳಬಹುದಾ?

ಪರೀಕ್ಷೆಯಲ್ಲಿ, ವರದಿಗಳಲ್ಲಿ ‘ಮಧ್ಯಾಂಕ’ವೇ ಸಿಗುತ್ತೆ. ಹಾಗಾಗಿ ಅದನ್ನು ಬಿಡುವ ಹಾಗಿಲ್ಲ, ಪಕ್ಕದಲ್ಲಿ ಇಟ್ಟು ಕಲಿಸೋಕೆ ಒಂದು ಆಡುಮಾತು ಬೇಕು. ‘ಅರ್ಧದ ಗೆರೆ’ ಅಂದರೆ ನಿಮಗೆ ಮೊದಲು ಏನು ಹೊಳೆಯುತ್ತೆ? ಜನರಲ್ಲಿ ಅರ್ಧವೋ, ದುಡ್ಡಿನಲ್ಲಿ ಅರ್ಧವೋ? ಎರಡನೆಯದಾದರೆ ಬೇರೆ ಪದ ಹುಡುಕಬೇಕು, ನಿಮ್ಮಲ್ಲಿ ಯಾವುದಾದರೂ ಇದ್ದರೆ ದಯವಿಟ್ಟು ತಿಳಿಸಿ.