ಪದಚರ್ಚೆ: ‘ಕಾಪಿರೈಟ್’ಗೆ ಮಕ್ಕಳಿಗೆ ತಿಳಿಯುವ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಶಾಲೆಯ ವಾರ್ಷಿಕ ಸಂಚಿಕೆಯ ಕೆಲಸವೂ ನನ್ನದೇ.

ಮೊನ್ನೆ ಒಂಬತ್ತನೇ ತರಗತಿಯಲ್ಲಿ ‘ಕಾಪಿರೈಟ್ ಅಂದ್ರೆ ಏನು?’ ಎಂದು ಕೇಳಿದೆ. ‘ದಿನಾ ಒಂದು ಪುಟ ಬರೀತೀವಲ್ಲ, ಅದು ಸರ್’ ಎಂದ ಒಬ್ಬ ಹುಡುಗ. ಅವನ ತಪ್ಪಲ್ಲ. ಕನ್ನಡದಲ್ಲಿ ಬರೆದರೆ ಹಕ್ಕಿನ ರೈಟೂ ಬರೆಯುವ ರೈಟೂ ಒಂದೇ. ಕಾಪಿ ರೈಟಿಂಗ್ ಪುಸ್ತಕ ಅವರ ಚೀಲದಲ್ಲೇ ಇದೆ. ಇನ್ನೊಬ್ಬಳು ‘ಕಾಪಿ ಹೊಡೀಬಾರದು ಅನ್ನೋ ಕಾನೂನು’ ಎಂದಳು. ಅದೂ ಅಲ್ಲ. ಕತೆಯೋ ಚಿತ್ರವೋ ಹಾಡೋ ಮಾಡಿದವರಿಗೆ ಅದರ ಮೇಲಿರುವ ಹಕ್ಕು ಅದು. ಕಾಪಿ ಮಾಡಿದ್ದೆಲ್ಲ ತಪ್ಪಾಗುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಪಾಠದ ಸಲುವಾಗಿ ಮೇಷ್ಟ್ರೋ ಮಕ್ಕಳೋ ಪ್ರತಿ ಮಾಡಿಕೊಂಡರೆ, ಪ್ರಶ್ನೆಪತ್ರಿಕೆಗೆ ಒಂದು ಪದ್ಯ ಹಾಕಿದರೆ, ಉತ್ತರದಲ್ಲಿ ಅದನ್ನು ಬರೆದರೆ ತಪ್ಪಿಲ್ಲ. ಪಾಠ ಅಂದರೆ ಕ್ಲಾಸಿನಲ್ಲಿ ನಿಂತು ಹೇಳುವುದಷ್ಟೇ ಅಲ್ಲ ಎಂದು 2016ರಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಅದು ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯೊಂದರ ಮೊಕದ್ದಮೆ.

ನನಗೆ ಕಾಡುತ್ತಿರುವುದು ಇನ್ನೊಂದು. ಹೋದ ವರ್ಷ ಒಬ್ಬ ಹುಡುಗಿ ಬೆಣ್ಣೆದೋಸೆ ಹುಯ್ಯುವ ಅಜ್ಜಿಯ ಚಿತ್ರ ಬರೆದಿದ್ದಳು. ಬೆಣ್ಣೆಗೆ ಹಳದಿ ಕ್ರೇಯಾನ್ ಒತ್ತಿ ಒತ್ತಿ ಅಲ್ಲಿ ಕಾಗದವೇ ಹರಿದಿತ್ತು. ಸಂಚಿಕೆಯಲ್ಲಿ ಅಚ್ಚಾದ ಆ ಚಿತ್ರ ಆಮೇಲೆ ಒಂದು ಅಂಗಡಿಯ ಕ್ಯಾಲೆಂಡರಿನಲ್ಲಿ ಬಂತು. ಅವಳನ್ನು ಯಾರೂ ಕೇಳಿರಲಿಲ್ಲ. ಹೆಸರೂ ಇರಲಿಲ್ಲ. ‘ಸರ್, ಅದು ನಂದಲ್ವಾ?’ ಎಂದಳು. ಹೌದು, ಅವಳದೇ. ಚಿತ್ರ ಬರೆದವರ ವಯಸ್ಸನ್ನು ಕಾನೂನು ನೋಡುವುದಿಲ್ಲ. ಅವಳಿಗೆ ಅದನ್ನು ಒಂದು ಮಾತಿನಲ್ಲಿ ಹೇಳಲು ನನ್ನ ಹತ್ತಿರ ಪದವಿರಲಿಲ್ಲ.

‘ಗ್ರಂಥಸ್ವಾಮ್ಯ’ ಅಂದರೆ ಪುಸ್ತಕಕ್ಕೆ ಮಾತ್ರ ಅನ್ನಿಸುತ್ತದೆ. ಅವಳ ಚಿತ್ರ ಗ್ರಂಥವಲ್ಲ. ‘ಹಕ್ಕುಸ್ವಾಮ್ಯ’ ಪತ್ರಿಕೆಗಳಲ್ಲಿ ಜಾಸ್ತಿ. ಅರಬ್ಬಿಯ ಹಕ್ಕು, ಸಂಸ್ಕೃತದ ಸ್ವಾಮ್ಯ ಕೂಡಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಯಾವುದರ ಹಕ್ಕು ಎಂಬುದೇ ಅದರಲ್ಲಿಲ್ಲ. ‘ಕೃತಿಸ್ವಾಮ್ಯ’ ವಾಸಿ, ಚಿತ್ರ, ಹಾಡು, ಕತೆ ಎಲ್ಲ ಅದರೊಳಗೆ ಬರುತ್ತವೆ. ಸ್ವಾಮ್ಯ ಮಾತ್ರ ಮಕ್ಕಳ ನಾಲಿಗೆಗೆ ಹತ್ತುವುದಿಲ್ಲ.

ಸುಮ್ನೆ ‘ಬರೆದವರ ಹಕ್ಕು’ ಅಂದರೆ? ನಾವು ಕತೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ ಇರುವುದು ಎಷ್ಟು ಅನುಕೂಲ! ಈ ಸಲದ ಸಂಚಿಕೆಯ ಒಳಪುಟದಲ್ಲಿ ‘ಹಕ್ಕು: ಬರೆದ ಮಕ್ಕಳದು’ ಎಂದು ಹಾಕಬೇಕೆಂದಿದ್ದೇನೆ. ಆದರೆ ಫೋಟೋ ತೆಗೆದವರು, ಹಾಡಿಗೆ ರಾಗ ಹಾಕಿದವರು ಇದರಲ್ಲಿ ಸೇರುವುದಿಲ್ಲ. ‘ಕೃತಿಹಕ್ಕು’ ಎಂದರೆ ಅವರೂ ಬರುತ್ತಾರೆ, ಆದರೆ ಈ ಪದವನ್ನು ಯಾರಾದರೂ ಆಡುಮಾತಿನಲ್ಲಿ ಕೇಳಿದ್ದೀರಾ? ನಿಮ್ಮ ಕಡೆಯ ಶಾಲೆಗಳಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ. ಸಂಚಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ.