ಸಹಾಯ ಬೇಕು: ಕಾರ್ಡಿನ ಡೇರೆ ಹೂವಿನ ಎಸಳು ಥಂಡಿಗೆ ನಿಲ್ತಿಲ್ಲ

ಎಲ್ರಿಗೂ ನಮಸ್ಕಾರ, ನಾನು ತೀರ್ಥಹಳ್ಳಿ ಕಡೆಯವಳು. ನಮ್ ದೊಡ್ಡಮ್ಮಂಗೆ ಅರವತ್ತು ತುಂಬ್ತಿದೆ, ಅವರಿಗೆ ಡೇರೆ ಹೂವು ಅಂದ್ರೆ ಪ್ರಾಣ, ಅಂಗಡಿ ಕಾರ್ಡಲ್ಲಿ ಬರೀ ಗುಲಾಬಿನೇ ಇರುತ್ತೆ ನೋಡಿ, ಅದಕ್ಕೆ ನಾನೇ ಕೈಯಲ್ಲಿ ಕಾಗದದ ಡೇರೆ ಹೂವು ಅಂಟಿಸಿದ ಒಂದು ಗ್ರೀಟಿಂಗ್ ಕಾರ್ಡ್ ಮಾಡ್ತಿದೀನಿ.

ಡೈ-ಕಟಿಂಗ್ ಮಷಿನ್‌ನಲ್ಲಿ (ಅಚ್ಚಿಟ್ಟು ಒತ್ತಿ ಕಾಗದ ಆಕಾರಕ್ಕೆ ಕತ್ತರಿಸೋದು) ದೊಡ್ಡದು, ಮಧ್ಯಮ, ಚಿಕ್ಕದು ಅಂತ ಎಸಳಿನ ಸುತ್ತು ಕತ್ತರಿಸಿ, ಮೆತ್ತನೆ ಮ್ಯಾಟ್ ಮೇಲಿಟ್ಟು ಗುಂಡು ತುದಿಯ ಕಡ್ಡಿಲಿ ಒತ್ತಿ, ಒಂದರ ಮೇಲೊಂದು ಸ್ವಲ್ಪ ತಿರುಗಿಸಿ ಅಂಟಿಸೋದು. ಕಾರ್ಡಿಗೆ 300 ಜಿಎಸ್ಎಂ ಹಾಳೆ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ, ಸಾಮಾನ್ಯವಾಗಿ ಜಾಸ್ತಿ ಇದ್ದಷ್ಟು ದಪ್ಪ), ಎಸಳಿಗೆ 120. ಒತ್ತಿದಾಗ ಬಟ್ಟಲಿನ ಹಾಗೆ ಎಷ್ಟು ಚೆಂದ ಏಳುತ್ತೆ ಗೊತ್ತಾ, ಆದ್ರೆ ಈ ಜಡಿಮಳೆಲಿ ಕಾಗದ ಥಂಡಿ ಎಳ್ಕೊಂಡು ಬೆಳಿಗ್ಗೆ ಹೊತ್ತಿಗೆ ಎಲ್ಲ ಚಪ್ಪಟೆ, ಮೇಲಿಂದ ಬಿಳಿ ಗಮ್‌ನಲ್ಲಿರೋ ನೀರಿಗೆ ಕಾರ್ಡೂ ಸೊಟ್ಟ ಆಗ್ತಿದೆ.

ಎಸಳಿಗೆ 160-200 ಜಿಎಸ್ಎಂ ಹಾಕಿದ್ರೆ ನಿಲ್ಲುತ್ತಾ, ಇಲ್ಲಾ ಒತ್ತೋಕೆ ಹೋದ್ರೆ ಮಡಿಕೆ ಬೀಳುತ್ತಾ? ಗಮ್ ಬದಲು ಪೂರ್ತಿ ಫೋಮ್ ಟೇಪ್‌ನಲ್ಲೇ (ಎರಡೂ ಕಡೆ ಅಂಟಿರೋ ಸ್ಪಂಜಿನಂಥ ದಪ್ಪ ಟೇಪ್) ಮಾಡ್ಬಹುದಾ? ಮೇಲೆ ವಾರ್ನಿಷ್ ಸ್ಪ್ರೇ ಹೊಡೆದ್ರೆ ಬಣ್ಣ ಕಪ್ಪಾಗುತ್ತಾ? ಶಿವಮೊಗ್ಗ ಗಾಂಧಿ ಬಜಾರ್, ದುರ್ಗಿಗುಡಿ ಕಡೆ ಕಡು ಕೆಂಪು ದಪ್ಪ ಹಾಳೆ, ಥಂಡಿ ಹೀರೋ ಸಿಲಿಕಾ ಜೆಲ್ ಪೊಟ್ಟಣ ಸಿಗೋ ಅಂಗಡಿ ಗೊತ್ತಿದ್ರೂ ಹೇಳಿ. ಮಳೆಗಾಲದಲ್ಲಿ ಪೇಪರ್ ಹೂವು ಮಾಡಿ ಅಭ್ಯಾಸ ಇರೋರು ದಯವಿಟ್ಟು ತಿಳಿಸಿ, ಫೋಟೋ ಇದ್ರೆ ಹಾಕಿ.