ಸಹಾಯ ಬೇಕು: ಬಂಡೂರು ಕುರಿಮರಿಗಳನ್ನು ಒಂದೇ ತೂಕಕ್ಕೆ ತರುವುದು ಹೇಗೆ?

ನಮಸ್ಕಾರ, ನಾನು ಮಳವಳ್ಳಿ ಕಡೆಯವನು. ಬೆಂಗಳೂರಿನ ಮಾಂಸದಂಗಡಿಯವರೊಬ್ಬರು ಬಂಡೂರು ಟಗರು ಮರಿ ಕೇಳಿದ್ದಾರೆ. ಜೀವಂತ ತೂಕ 22ರಿಂದ 25 ಕೆಜಿ ಒಳಗೇ ಇರಬೇಕಂತೆ. ಹಾಲುಹಲ್ಲು ಬಿದ್ದಿರಬಾರದು, ಕೊಬ್ಬು ಜಾಸ್ತಿ ಬೇಡ.

ಬಂಡೂರು ಚಿಕ್ಕ ತಳಿ ಅಲ್ವಾ, ಬೇಗ ತೂಕ ಬರುವುದಿಲ್ಲ. ಕೆಲವು ಮರಿ 18ರಲ್ಲೇ ನಿಂತಿವೆ, ಸೊಂಟ ಒತ್ತಿದರೆ ಮೂಳೆ ಕೈಗೆ ಚುಚ್ಚುತ್ತದೆ. ಒಂದೆರಡಕ್ಕೆ ಮಾತ್ರ ಬಾಲದ ಬುಡದಲ್ಲಿ ಆಗಲೇ ಕೊಬ್ಬು ಕಟ್ಟಿದೆ!

ಈಗ ಹುರುಳಿ ಹೊಟ್ಟು, ಅಗಸೆ ಸೊಪ್ಪು, ಸಂಜೆ ಸ್ವಲ್ಪ ಜೋಳದ ನುಚ್ಚು, ಕಡಲೆಕಾಯಿ ಹಿಂಡಿ ಕೊಡುತ್ತಿದ್ದೇನೆ. ಜಂತುಮದ್ದು, ಇಟಿ (ಕರುಳುಬೇನೆ) ಲಸಿಕೆ ಆಗಿದೆ. ನುಚ್ಚು ಒಮ್ಮೆಲೇ ಏರಿಸಿದರೆ ಮರಿ ಸತ್ತೇ ಹೋಗಬಹುದು, ಅದು ಗೊತ್ತು. ವಾರಕ್ಕೆ ಎಷ್ಟೆಷ್ಟು ಏರಿಸುತ್ತೀರಿ? ಬಡಕಲು ಮರಿಗಳನ್ನು ಬೇರೆ ಕಟ್ಟಬೇಕಾ?

ಸುಮ್ನೆ ಊದಿಸುವ ಇಂಜೆಕ್ಷನ್ ಸಲಹೆ ಬೇಡ. ಹೀಗೆ ತೂಕ ನೋಡಿ ಮಾರಿದವರು ಇದ್ದರೆ ದಯವಿಟ್ಟು ಹೇಳಿ.